ಹಗ್ಗದ ಮಂಚದ ಕರೆಂಟು

ನಮ್ಮೂರ ಬ್ಯಾರನ್ನುಗಳಿಗೆ ಬೆಂಕಿ ಬಿತ್ತೆಂದರೆ ನಮ್ಮವ್ವನಿಗೆ ಉಸಿರು ಕಟ್ಟುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನೆಂಬ ಎತ್ತರದ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನಿಂದ ಸೌದೆಯ ಉರಿ ಕೊಟ್ಟು, ಎಲೆ ಹೊನ್ನಿನ ಬಣ್ಣಕ್ಕೆ ತಿರುಗುವ ತನಕ ಹಗಲೂ ಇರುಳೂ ಕಾವು ಕಾಯುವುದು ನಮ್ಮಲ್ಲಿ ಮಳೆಗಾಲದ ಕೆಲಸ. ಆ ದಿನಗಳಲ್ಲಿ ಹೊಗೆ ಊರ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಅದರಲ್ಲೇ ಹುಟ್ಟಿ ಬೆಳೆದ ನಮಗೆ ಅದು ಗೊತ್ತೇ ಆಗುವುದಿಲ್ಲ. ಅವ್ವನಿಗೂ ಗೊತ್ತಾಗುತ್ತಿರಲಿಲ್ಲ, ಉಬ್ಬಸ ಹತ್ತಿಕೊಳ್ಳುವ ತನಕ.

ಹುಣಸೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಹೊಗೆಸೊಪ್ಪು ಬೇಯಿಸುವುದು ಮುಗಿಯುವವರೆಗೆ ಈಯಮ್ಮನನ್ನು ಹೊಗೆಯಿಂದ ದೂರ ಇಡಿ ಎಂದರು. ಜೊತೆಗೆ ಒಂದು ಮಿಷನ್ನು ಬರೆದುಕೊಟ್ಟರು. ಅದರ ಪುಟ್ಟ ಬಟ್ಟಲಿಗೆ ಔಷಧಿ ಸುರಿದು, ಸ್ವಿಚ್ಚು ಹಾಕಿ, ಮೂಗು ಬಾಯಿಗೆ ಮುಖವಾಡ ಕಟ್ಟಿದರೆ ಔಷಧಿ ಆವಿಯಾಗಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಉಸಿರು ಎಳೆದಾಗೆಲ್ಲ ಇನ್ನೊಂದು ಸಲ. ನಾವು ಅದನ್ನು ಉಸಿರಿನ ಮಿಷನ್ನು ಎಂದೇ ಕರೆದೆವು.

ದೂರ ಇಡುವುದೆಂದರೆ ಎಲ್ಲಿ? ಅಕ್ಕನನ್ನು ಕೊಟ್ಟಿರುವುದು ಸಾಲಿಗ್ರಾಮದ ಹತ್ತಿರದ ಹಳ್ಳಿಗೆ. ಕಾವೇರಿ ನಾಲೆಯ ಗದ್ದೆ ಸೀಮೆ, ಭತ್ತ ಕಬ್ಬು ಬಿಟ್ಟರೆ ಬೇರೆ ಬೆಳೆಯಿಲ್ಲ, ಅಕ್ಕನ ಮನೆಯ ಸುತ್ತ ಒಂದು ಬ್ಯಾರನ್ನೂ ಇಲ್ಲ. ಅಕ್ಕ ಫೋನಿನಲ್ಲೇ ಅತ್ತು ಕರೆದಳು. ಅವ್ವ ಒಪ್ಪಲಿಲ್ಲ.

"ಮಗಳ ಮನೇಲಿ ಉಂಡು ಬರಬೌದು ಕಣ್ಲಾ, ಊರ್ಕೊಂಡ್ ಕೂರಬಾರ್ದು. ಮೂರ್ ದಿನುಕ್ ನೆಂಟ್ರು, ನಾಕ್ನೇ ದಿನುಕ್ ಹೊರೆ."

"ನಿನ್ ಮಗಳೇ ಕರೀತಾವ್ಳಲ್ಲವ್ವ."

"ಅವ್ಳ್ ಕರೀತಾಳೆ. ಕರೀದೆ ಇರಕಾದದಾ? ಹೋಗದೆ ಇರದು ನನ್ ಕೆಲ್ಸ."

ಅವ್ವನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಇಲ್ಲ. ನಮ್ಮಪ್ಪ ಗೆದ್ದೆ ಅಂದುಕೊಂಡೇ ಕಣ್ಣು ಮುಚ್ಚಿದ. ಕೊನೆಗೆ ಬಾವನೇ ಒಂದು ದಾರಿ ಹೇಳಿದ. ಮನೆ ಬೇಡ ಅಂದವ್ರು ಗದ್ದೆ ಬೇಡ ಅಂದಿಲ್ವಲ್ಲ, ಒಂದು ಟ್ರೈಲರ್ ಮನೆ ಮಾಡಿ ನಮ್ಮ ಗದ್ದೆ ಬದೂಗೆ ನಿಲ್ಸು ಬಾಮೈದ, ಅಂದ. ನಾನು ಕಬ್ಬು ಹೊಡೆಯುವ ಹಳೆಯ ಟ್ರೈಲರೊಂದನ್ನು ಕೊಂಡು, ಕೆ.ಆರ್. ನಗರದ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಗೋಡೆ, ತಗಡಿನ ಮಾಡು, ಹತ್ತಲು ಮೂರು ಮೆಟ್ಟಿಲು ಹಾಕಿಸಿದೆ. ಒಳಗೆ ಒಂದು ಮಂಚ, ಒಂದು ಗ್ಯಾಸಿನ ಒಲೆ, ನೀರಿನ ಡ್ರಮ್ಮು. ಅದು ಊರಿಗೆ ಬಂದು ನಿಂತಾಗ ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಗಾಡಿ ಯಾರ್ದು?"

"ನಂದೇ."

"ತಗಡು?"

"ನಂದೇ ಕಣವ್ವ."

"ಎಳ್ಕಂಡೋಗೋ ಟ್ಯಾಕ್ಟ್ರು?"

"ಬಾಡಿಗೇದು. ನಿನ್ ಅಳಿಯಂದಲ್ಲ."

ಆಮೇಲೆ ಹತ್ತಿದಳು. ಬ್ಯಾರನ್ನಿನ ಬೆಂಕಿ ಅಣ್ಣನ ಪಾಲಿಗೆ, ಮನೆ ನನ್ನ ಹೆಂಡತಿಯ ಪಾಲಿಗೆ, ಅವ್ವ ನನ್ನ ಪಾಲಿಗೆ ಎಂದು ಹಂಚಿಕೆಯಾಯಿತು. ನಾವಿಬ್ಬರೂ ಹೊರಟೆವು.

ಅಕ್ಕನ ಗದ್ದೆಯ ಮೇಲುಬದುವಿನಲ್ಲಿ ದೊಡ್ಡದೊಂದು ಹೊಂಗೆ ಮರ. ಟ್ರ್ಯಾಕ್ಟರಿನವನು ಯಾರನ್ನೂ ಕೇಳದೆ ಟ್ರೈಲರನ್ನು ಅದರ ನೆರಳಿಗೇ ತಂದು ನಿಲ್ಲಿಸಿದ. ನಮ್ಮ ಜನ ಎತ್ತನ್ನೂ ಬಿಸಿಲಲ್ಲಿ ಕಟ್ಟುವವರಲ್ಲ. ಆದರೆ ನನಗೆ ಬೇಕಾದದ್ದು ಬಿಸಿಲು. ಮಿಷನ್ನಿಗೆ ಕರೆಂಟು ಬೇಕಲ್ಲ! ಅಲ್ಲಿಂದ ಕೂಗಳತೆಯಲ್ಲೇ ಬಾವನ ಪಂಪ್‌ಸೆಟ್ಟಿನ ಕಂಬ ಇತ್ತು, ಒಂದು ವೈರು ಎಳೆದಿದ್ದರೆ ಮುಗಿಯುತ್ತಿತ್ತು. ಬಾವ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದ. ಅವ್ವ ಮೆಟ್ಟಿಲ ಮೇಲೆ ನಿಂತು ತಡೆದಳು.

"ಅಳಿಮಯ್ಯ, ಅದ ಸುತ್ಕೊಂಡ್ ಮನೀಗ್ ಓಗಿ."

"ಅತ್ತೆ, ಪಂಪ್‌ಸೆಟ್ ನೀರಲ್ಲೇ ತಾನೇ ನೀವು ಮುಖ ತೊಳೆಯೋದು?"

"ನೀರು ಭೂಮ್ತಾಯಿದು. ಕರೆಂಟು ನಿಮ್ದು."

ಬಾವ ನನ್ನ ಮುಖ ನೋಡಿದ, ನಾನು ಹೊಂಗೆ ಮರ ನೋಡಿದೆ.

ಇಂಥದ್ದೇನಾದರೂ ಆದೀತೆಂದು ಗೊತ್ತಿದ್ದೇ ನಮ್ಮ ಮನೆಯ ಯುಪಿಎಸ್ಸಿನ ಹಳೆಯ ಬ್ಯಾಟರಿ, ಇನ್ವರ್ಟರು, ಹೊಸದೊಂದು ಸೋಲಾರ್ ಪ್ಯಾನಲ್ಲು ತಂದಿದ್ದೆ. ಪ್ಯಾನಲ್ಲನ್ನು ಮಾಡಿನ ಮೇಲೆ ಕೂರಿಸೋಣವೆಂದರೆ ಅಲ್ಲಿ ಹೊಂಗೆಯ ನೆರಳು. ಟ್ರೈಲರನ್ನೇ ಬಿಸಿಲಿಗೆ ಎಳೆಸೋಣವೆಂದರೆ ಆ ತಗಡಿನ ಡಬ್ಬಿಯೊಳಗೆ ಅವ್ವ ಬೆಂದು ಹೋಗುತ್ತಾಳೆ. ಅಕ್ಕನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಗ್ಗದ ಮಂಚವೊಂದನ್ನು, ಅವ್ವನಿಗೆ ಬಾಡಿಗೆಯದೆಂದು ಸುಳ್ಳು ಹೇಳಿ, ತಂದು ಬಯಲಲ್ಲಿ ಹಾಕಿ ಅದರ ಮೇಲೆ ಪ್ಯಾನಲ್ಲನ್ನು ಮಲಗಿಸಿದೆ. ಬಿಸಿಲು ಸರಿದ ಹಾಗೆ ಮಂಚವನ್ನು ಸರಿಸುವುದು. ಮಳೆ ಹನಿದರೂ ಪರವಾಗಿಲ್ಲ, ಅದು ಗಾಜು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬ್ಯಾಟರಿಯ ತಲೆಗೆ ಕೆಂಪು ಅಂಕಿ ತೋರಿಸುವ ಪುಟ್ಟ ಮೀಟರು ಸಿಕ್ಕಿಸಿದ್ದೆ. ಅಂಗಡಿಯವನು ಹೇಳಿಕೊಟ್ಟಿದ್ದ: ಹನ್ನೆರಡೂವರೆ ವೋಲ್ಟಿನ ಮೇಲಿದ್ದರೆ ಹೊಟ್ಟೆ ತುಂಬಿದೆ, ಹನ್ನೆರಡಕ್ಕೆ ಇಳಿದರೆ ಹಸಿದಿದೆ, ಅಲ್ಲಿಂದ ಕೆಳಕ್ಕೆ ಬಿಟ್ಟರೆ ಬ್ಯಾಟರಿಯ ಆಯಸ್ಸೇ ಮುಗಿಯುತ್ತದೆ. ಇನ್ನೊಂದು ಮಾತೂ ಹೇಳಿದ್ದ. ಇನ್ವರ್ಟರು ಸುಮ್ಮನೆ ಆನ್ ಆಗಿದ್ದರೂ ತಿನ್ನುತ್ತಿರುತ್ತದೆ, ಕೆಲಸ ಇಲ್ಲದ ಅಳಿಯನ ಹಾಗೆ. ಮಿಷನ್ನು ಹಾಕುವಾಗ ಮಾತ್ರ ಆನ್ ಮಾಡಿ, ಮುಗಿದ ಕೂಡಲೇ ಆಫ್ ಮಾಡಬೇಕು. ನಾನು ಆಫ್ ಮಾಡಿ ಮೆಟ್ಟಿಲಿಳಿದು, ಮಾಡಿದೆನೋ ಇಲ್ಲವೋ ಅನ್ನಿಸಿ ಮತ್ತೆ ಹತ್ತಿ ನೋಡುತ್ತಿದ್ದೆ. ಫ್ಯಾನು ಬೇಡ ಎಂದೆ. ಸಂಜೆ ಬಲ್ಬಿನ ಬದಲು ಟಾರ್ಚು. ನನ್ನ ಫೋನನ್ನು ಬಾವನ ಪಂಪ್‌ಹೌಸಿನಲ್ಲಿ ಕದ್ದು ಚಾರ್ಜ್ ಮಾಡಿಕೊಂಡೆ. ಅವ್ವನಿಗೆ ಬೇಡವಾದದ್ದು ನನಗೆ ಬೇಡವೆಂದು ಎಲ್ಲಿದೆ?

ಅವ್ವ ಮಾತ್ರ ನಿರಾಳ. ಹೊಗೆಯಿಲ್ಲದ ಗಾಳಿ ಕುಡಿದು ಮೂರೇ ದಿನಕ್ಕೆ ದನಿ ಏರಿತ್ತು.

"ಏನ್ಲಾ ಅದು, ಹೆತ್ತ ಹೆಂಗ್ಸಿನ್ ಜ್ವರ ನೋಡ್ದಂಗೆ ಗಳಿಗೆಗೊಂದ್ಸಲ ನೋಡ್ತೀಯ?"

"ನೋಡದಿದ್ರೆ ನಿನ್ ಉಸ್ರು ನಿಲ್ತದೆ ಕಣವ್ವ."

"ನೋಡುದ್ರೆ ಬಿಸ್ಲು ಬತ್ತದಾ?"

ಬರುತ್ತಿರಲಿಲ್ಲ. ಶ್ರಾವಣದ ಆಕಾಶ ನಮ್ಮ ಬಾವನ ಹಾಗೆ. ಬತ್ತೀನಿ ಅಂತದೆ, ಬರುವುದಿಲ್ಲ. ಬೆಳಿಗ್ಗೆ ಮೋಡ, ನಡುಹಗಲು ಒಂದಿಷ್ಟು ಬಿಸಿಲು, ಮೂರು ಗಂಟೆಗೆ ಮತ್ತೆ ಸೋನೆ. ಆ ನಡುಹಗಲ ಬಿಸಿಲೇ ನಮ್ಮ ದಿನದ ಕೂಳು. ನಡುಹಗಲಿಗೇ ನಾನು ಕೆಳಗದ್ದೆಯಲ್ಲಿ ಬಾವನ ನಾಟಿ ಕೆಲಸಕ್ಕೆ ಕೈ ಹಾಕುತ್ತಿದ್ದೆ. ಸುಮ್ಮನೆ ಕೂತು ತಿನ್ನುವವನ ಹಾಗೆ ಕಾಣಬಾರದೆಂದು ಅವ್ವನ ಅಪ್ಪಣೆ. ಮಂಚವನ್ನು ಬಿಸಿಲಿಗೆ ಎಳೆದಿಟ್ಟು, ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ಸೋನೆ ಶುರುವಾದ ಮೇಲೆ.

ಇನ್ನು ಅಕ್ಕ ಮತ್ತು ಅವ್ವನ ಕೊಡುಕೊಳ್ಳುವ ಕತೆ. ಅಕ್ಕ ದಿನಾ ಒಂದು ಸ್ಟೀಲ್ ಡಬ್ಬದಲ್ಲಿ ಏನಾದರೂ ತರುತ್ತಿದ್ದಳು: ಮಸ್ಸೊಪ್ಪು, ಉಪ್ಸಾರು, ಹುರುಳಿಕಾಳಿನ ಬಸ್ಸಾರು. ಅವ್ವ ಅದನ್ನು ಬೇಡ ಅನ್ನುತ್ತಿರಲಿಲ್ಲ, ಏಕೆಂದರೆ ಡಬ್ಬವನ್ನು ಬರಿದಾಗಿ ವಾಪಸ್ಸು ಕಳಿಸುತ್ತಿರಲಿಲ್ಲ. ಕೊಟ್ಟ ಪಾತ್ರೆ ಬರಿದಾಗಿ ತಿರುಗಬಾರದು ಎನ್ನುವುದು ನಮ್ಮ ಮನೆಯಲ್ಲಿ ದೇವರಿಗಿಂತ ದೊಡ್ಡ ಕಟ್ಟಳೆ. ನಾವು ಚಿಕ್ಕವರಿದ್ದಾಗ ಪಕ್ಕದ ಮನೆಗೆ ಮಜ್ಜಿಗೆ ಚೊಂಬು ವಾಪಸ್ಸು ಕೊಡಲು ಹೋದರೂ ತಳದಲ್ಲಿ ಒಂದು ಚೂರು ಬೆಲ್ಲ ಇರುತ್ತಿತ್ತು. ಈಗಲೂ ಅವ್ವ ಊರಿಂದ ತಂದ ಬೆಲ್ಲದಚ್ಚು, ನಿಂಬೆಹಣ್ಣು, ಹುಣಸೆಹಣ್ಣಿನ ಉಂಡೆ ಹಾಕಿ ಹಾಕಿ ಕಳಿಸಿದಳು. ಒಂದು ವಾರದಲ್ಲಿ ತಂದದ್ದೆಲ್ಲ ಮುಗಿಯಿತು. ನನಗೆ ಅದು ಹೊಳೆಯಲೂ ಇಲ್ಲ. ನನ್ನ ಕಣ್ಣು ಬೇರೆ ಕಡೆ ನೆಟ್ಟಿತ್ತು.

ಮೀಟರು ದಿನದಿಂದ ದಿನಕ್ಕೆ ಇಳಿಯತೊಡಗಿತ್ತು. ಮೋಡ ಎಷ್ಟೇ ಇರಲಿ, ನಡುಹಗಲ ಬಿಸಿಲಿಗೆ ಒಂದು ಗುಟುಕಾದರೂ ಏರಬೇಕಿತ್ತು. ಬೆಳಿಗ್ಗೆ ಇದ್ದಷ್ಟೂ ಸಂಜೆಗೆ ಇರುತ್ತಿರಲಿಲ್ಲ. ವೈರು ಬಿಚ್ಚಿ ಉಜ್ಜಿ ಕಟ್ಟಿದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಪ್ಯಾನಲ್ಲನ್ನು ನನ್ನ ಒಳ್ಳೆಯ ಟವೆಲಿನಲ್ಲಿ ಒರೆಸಿದೆ. ರಾತ್ರಿ ನಿದ್ದೆಯಲ್ಲೂ ಕೆಂಪು ಅಂಕಿಯೇ. ಬ್ಯಾಟರಿ ಸತ್ತರೆ ಮಿಷನ್ನಿಲ್ಲ, ಮಿಷನ್ನಿಲ್ಲದಿದ್ದರೆ ಅವ್ವ ಇಲ್ಲಿರಲಾಗದು, ಇಲ್ಲಿಂದ ಹೊರಟರೆ ಅಲ್ಲಿ ಹೊಗೆ. ಈ ಮೂರನ್ನೂ ತಿರುವಿ ತಿರುವಿ ಲೆಕ್ಕ ಹಾಕಿ ಬೆಳಗು ಮಾಡುತ್ತಿದ್ದೆ.

ಕೊನೆಗೆ ನನಗೊಂದು ಅನುಮಾನ ಬಂತು. ನಾಟಿ ಹಾಕುವ ಹೆಣ್ಣಾಳುಗಳು ಉಣ್ಣಲು ಹೊಂಗೆ ನೆರಳಿಗೇ ಬರುತ್ತಿದ್ದರು. ಅವರ ಕೈಯಲ್ಲೂ ಫೋನುಗಳಿದ್ದವು. ಅವ್ವ ಕೇಳಿದವರಿಗೆಲ್ಲ, ಚುಚ್ಕೋ ಹೋಗವ್ವ, ಅನ್ನುತ್ತಿದ್ದಳು. ನೀರು, ಬೆಂಕಿ ಕೇಳಿದವರಿಗೆ ಇಲ್ಲ ಅನ್ನಬಾರದು ಎಂದು ಬೆಳೆದ ಜೀವ; ಕರೆಂಟನ್ನೂ ಆ ಪಟ್ಟಿಗೇ ಸೇರಿಸಿಕೊಂಡಿದ್ದಳು. ತಾನು ಮಾತ್ರ ಯಾರ ಹತ್ತಿರವೂ ತೆಗೆದುಕೊಳ್ಳುವುದಿಲ್ಲ!

ಅವತ್ತು ಬಹಳ ದಿನದ ಮೇಲೆ ಚುರುಕು ಬಿಸಿಲು ಬಿದ್ದಿತ್ತು. ಗದ್ದೆಯ ಕೆಸರಲ್ಲಿ ನಿಂತು ಸಸಿಯ ಕಟ್ಟು ಎಸೆಯುತ್ತಾ, ಇವತ್ತು ಬ್ಯಾಟರಿ ತುಂಬುತ್ತದೆ ಎಂದು ಮನಸ್ಸಿನಲ್ಲೇ ಕುಣಿಯುತ್ತಿದ್ದೆ. ಆ ಖುಷಿಯ ಭರದಲ್ಲಿ ಹೆಣ್ಣಾಳುಗಳ ಪೈಕಿ ಹಿರಿಯಳಿಗೆ ಹೇಳಿಯೇಬಿಟ್ಟೆ:

"ಅಕ್ಕಾ, ಇವತ್ತೊಂದಿನ ಫೋನ್ ಚುಚ್ಚಬ್ಯಾಡಿ ಕಣ್ರವ್ವ. ನಮ್ಮವ್ವನ ಮಿಷನ್ನಿಗೆ ಸಾಲ್ತಿಲ್ಲ."

ಅವಳು ಬಗ್ಗಿದ ಬೆನ್ನು ಎತ್ತದೆ ನಕ್ಕಳು.

"ಅಯ್, ನಮ್ ಫೋನು ಕುಡಿಯಾದು ಒಂದ್ ಲೋಟ ಕಣಣ್ಣ. ಕೊಳಗದ್ಲಿ ಕುಡಿಯೋವ್ರು ಬ್ಯಾರೆ ಅವ್ರೆ. ಓಗ್ ನೋಡೋಗು ನಿನ್ ಮಂಚವ."

ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಇನ್ನೊಬ್ಬಳು, "ಒಗ್ಗರಣೆ ವಾಸ್ನೆ ಬತ್ತಾದೆ," ಅಂದಳು.

ನಾನು ಕೆಸರುಗಾಲಲ್ಲೇ ಬದು ಹತ್ತಿ ಓಡಿದೆ. ಮಂಚ ನಾನು ಇಟ್ಟಲ್ಲೇ ಬಿಸಿಲಲ್ಲಿತ್ತು. ಮಂಚದ ಮೇಲೆ ಪ್ಯಾನಲ್ಲು. ಪ್ಯಾನಲ್ಲಿನ ಮೇಲೆ ನನ್ನ ಬಿಳಿ ಪಂಚೆ. ಪಂಚೆಯ ಮೇಲೆ, ಅಂಗುಲ ಜಾಗ ಬಿಡದೆ, ಹೊಟ್ಟೆ ಸೀಳಿ ಮಜ್ಜಿಗೆಯಲ್ಲಿ ನೆನೆಸಿದ ಹಸಿಮೆಣಸಿನಕಾಯಿ. ಪಕ್ಕದಲ್ಲಿ ಅವ್ವ ಮಣೆ ಹಾಕಿಕೊಂಡು, ಹೊಂಗೆ ಕಡ್ಡಿ ಹಿಡಿದು ಕಾಗೆ ಓಡಿಸುತ್ತಿದ್ದಳು.

"ಅವ್ವಾ! ಏನವ್ವ ಇದು?"

"ಬಾಳಕ ಕಣ್ಲಾ. ಕಾಣ್ಸಲ್ವಾ?"

"ಇದ್ರ್ ಮೇಲಾ?"

"ಮಂಚದ್ ಮೇಲಲ್ದೆ ನೆಲದ್ ಮೇಲ್ ಒಣಗಾಕ್ತಾರಾ? ಇದಂತೂ ಎಂಥಾ ಕಾದದೆ ಅಂತೀಯ, ರೊಟ್ಟಿ ಹೆಂಚ್ ಕಾದಂಗೆ. ಊರಲ್ಲಿ ಆರ್ ದಿನ ಬೇಕು, ಇಲ್ಲಿ ಮೂರ್ ದಿನುಕ್ಕೆ ಗಲಗಲ ಅಂತದೆ."

"ಎಷ್ಟ್ ದಿನದಿಂದ?"

"ಬೆಲ್ಲ ಮುಗೀತಲ್ಲ, ಅವತ್ತಿಂದ. ನಾಟಿ ಹೆಣ್ಣಾಳ್ಗೆ ಕಾಸ್ ಕೊಟ್ಟು ಕಾಯಿ ಮಜ್ಗೆ ತರಿಸ್ದೆ. ನಿಮ್ಮಕ್ಕನ್ ಡಬ್ಬುಕ್ಕೆ ಏನಾಕ್ಲಿ? ಕಲ್ಲಾಕ್ಲಾ?"

ದಿನಾ ಸೋನೆ ಶುರುವಾಗುವ ಮುಂಚೆ ಅವ್ವ ಪಂಚೆಯನ್ನು ಗಂಟು ಕಟ್ಟಿ ಒಳಗೆ ಒಯ್ಯುತ್ತಿದ್ದಳು. ಆಮೇಲೆ ನಾನು ಬರುತ್ತಿದ್ದೆ. ಬಿಸಿಲು ಈ ಗಾಜಿಗೆ ಬಿದ್ದರೆ ತಾನೇ ಅದು ಕರೆಂಟಾಗಿ ಬ್ಯಾಟರಿಗೆ ಹೋಗುವುದು, ಅದೇ ನಿನ್ನ ಉಸಿರಿನ ಮಿಷನ್ನು ಓಡಿಸುವುದು ಎಂದು ಮಗುವಿಗೆ ಹೇಳಿದ ಹಾಗೆ ಹೇಳಿದೆ. ಅವ್ವ ಪೂರ್ತಿ ಕೇಳಿದಳು. ಕೇಳಿ, ಒಂದು ಮೆಣಸಿನಕಾಯಿಯನ್ನು ಮಗ್ಗುಲು ತಿರುಗಿಸಿದಳು.

"ಬಿಸ್ಲು ಅಷ್ಟೊಂದ್ ಬಿದ್ದದೆ. ಇಬ್ರೂ ಹಂಚ್ಕೊಂಡ್ರೆ ಆಗಲ್ವಾ?"

ಪಂಚೆಯನ್ನು ಎಳೆದು ನೆಲಕ್ಕೆ ಹಾಸಿದೆ. ಅಷ್ಟೊತ್ತಿಗೆ ಬಿಸಿಲು ಬಾಡಿತ್ತು. ಮೀಟರು ಹನ್ನೆರಡರ ಕೆಳಗೇ ನಿಂತಿತ್ತು.

ಸಂಜೆ ಆಗಬಾರದ್ದು ಆಯಿತು. ದಿನಗಟ್ಟಲೆ ಮೆಣಸಿನಕಾಯಿ ಸೀಳಿದ ಘಾಟೋ, ಸೋನೆಯ ಥಂಡಿಯೋ, ಅವ್ವನಿಗೆ ಉಸಿರು ಎಳೆಯತೊಡಗಿತು. ದೀಪ ಹಚ್ಚುವ ಹೊತ್ತು. ಒಳಗಿನ ಮಂಚದ ಅಂಚಿಗೆ ಕೈಯೂರಿ, ಹೆಗಲು ಎತ್ತೆತ್ತಿ ಎಳೆಯುತ್ತಿದ್ದಾಳೆ. ಮುಖವಾಡ ಕಟ್ಟಿ ಸ್ವಿಚ್ಚು ಹಾಕಿದೆ. ಮಿಷನ್ನು ಗುರ್ರೆಂದಿತು, ಆವಿ ಬಂತು, ಅವ್ವ ಎರಡು ಸಲ ಎಳೆದುಕೊಂಡಳು. ಅಷ್ಟರಲ್ಲಿ ಇನ್ವರ್ಟರು ಕುಂಯ್ ಕುಂಯ್ ಎಂದು ಅತ್ತಿತು. ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಆ ತಗಡಿನ ಡಬ್ಬಿಯೊಳಗೆ ಅವ್ವನ ಎದೆಯ ಸಿಳ್ಳೆಯೊಂದೇ ಕೇಳುತ್ತಿತ್ತು.

ಹೊರಗೆ ಬಂದು ಬದುವಿನ ಮೇಲೆ ನಿಂತು ಬಾವನನ್ನು ಕೂಗಿದ ಹಾಗೆ ನಾನು ಜೀವಮಾನದಲ್ಲಿ ಯಾರನ್ನೂ ಕೂಗಿಲ್ಲ.

ಬಾವ ಟ್ರ್ಯಾಕ್ಟರ್ ತಂದ. ವೈರು ಎಳೆಯೋಣವೆಂದರೆ ಪಂಪ್‌ಸೆಟ್ಟಿನ ಲೈನಿನಲ್ಲಿ ಆ ಹೊತ್ತಿಗೆ ಕರೆಂಟಿರಲಿಲ್ಲ. ಅವನು ಟ್ರ್ಯಾಕ್ಟರನ್ನು ಮೆಟ್ಟಿಲಿಗೆ ತಾಗುವ ಹಾಗೆ ನಿಲ್ಲಿಸಿ, ಅದರ ಬ್ಯಾಟರಿಯಿಂದಲೇ ಎರಡು ದಪ್ಪ ವೈರು ತಂದು ಇನ್ವರ್ಟರಿಗೆ ಸಿಕ್ಕಿಸಿದ. ಮಿಷನ್ನು ಮತ್ತೆ ಗುರ್ರೆಂದಿತು. ಅಕ್ಕ ಹಿಂದೆಯೇ ಓಡಿಬಂದು ಅವ್ವನ ಬೆನ್ನು ನೀವುತ್ತಾ ಕೂತಳು. ಅವ್ವ ಬಾವನ ಕಡೆಗೊಮ್ಮೆ, ವೈರಿನ ಕಡೆಗೊಮ್ಮೆ ನೋಡಿದಳು. ಬೇಡ ಅನ್ನಲು ಉಸಿರಿರಲಿಲ್ಲ. ಬಟ್ಟಲಿನ ಔಷಧಿ ಮುಗಿಯುವ ಹೊತ್ತಿಗೆ ಹೆಗಲು ಇಳಿಯಿತು, ಸಿಳ್ಳೆ ಸಣ್ಣಗಾಯಿತು, ಅಕ್ಕನ ತೊಡೆಗೆ ತಲೆಯಿಟ್ಟು ಹಾಗೇ ಮಲಗಿದಳು. ಬಾವ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದ.

ಬೆಳಿಗ್ಗೆ ಅದೇ ವೈರಿನಲ್ಲಿ ಇನ್ನೊಂದು ಸಲ ಔಷಧಿ ಕೊಟ್ಟೆ. ಉಸಿರು ಬಂತು. ಉಸಿರಿನ ಜೊತೆ ಮಾತೂ ಬಂತು.

"ನನ್ನ ಊರಿಗ್ ಕರ್ಕೊಂಡೋಗ್ಲಾ."

"ಅಲ್ಲಿ ಹೊಗೆ ಅವ್ವ."

"ಹೊಗೆ ನಂದು. ಕೊಟ್ಟ ಮನೆ ಕರೆಂಟ ಕುಡ್ಕೊಂಡ್ ಬದುಕು ಅಂತೀರಾ? ಇವತ್ತು ಟ್ಯಾಕ್ಟ್ರು, ನಾಳೀಕ್ ವೈರು, ನಾಳಿದ್ ಅವ್ರ್ ಪಡಸಾಲೇಲಿ ನನ್ ಹಾಸ್ಗೆ. ಬ್ಯಾಡ ಬುಡು."

ಸೀರೆಗಳನ್ನು ಮಡಚಿ ಗಂಟು ಕಟ್ಟತೊಡಗಿದಳು. ಬ್ಯಾರನ್ನು ಬೇಯುವುದು ಇನ್ನೂ ಅರ್ಧವೂ ಮುಗಿದಿರಲಿಲ್ಲ. ಬೆಳಿಗ್ಗೆಯಷ್ಟೇ ಅಣ್ಣ ಫೋನಿನಲ್ಲಿ, ಹೊಗೆಗೆ ಎದುರು ಮನೆ ಕಾಣ್ತಿಲ್ಲ ಕಣೋ, ಅಂದಿದ್ದ. ನಾನು ಒಳಗೆ ಹೋದೆ, ಹೊರಗೆ ಬಂದೆ, ಮೀಟರು ನೋಡಿದೆ. ಏನು ಹೇಳಿದರೂ ಅವ್ವನ ಕೈ ನಿಲ್ಲಲಿಲ್ಲ.

ಆಗ ಅಕ್ಕ ಖಾಲಿ ಕೈಯಲ್ಲಿ ಬಂದಳು. ಗಂಟು ನೋಡಿದಳು. ಮೂಲೆಯಲ್ಲಿ ಅವ್ವ ಒಣಗಿಸಿಟ್ಟ ಬಾಳಕದ ಡಬ್ಬ ತುಂಬಿ ನಿಂತಿತ್ತು, ಅವಳ ಮನೆಯದೇ ಸ್ಟೀಲ್ ಡಬ್ಬ. ಮುಚ್ಚಳ ತೆಗೆದು ಒಂದನ್ನು ಮೂಸಿದಳು.

"ನಂಗಾ ಇದು?"

"ಇನ್ಯಾರ್ಗೆ? ತಗೊಂಡೋಗು. ನಿನ್ ಡಬ್ಬುದ ಬಾಕಿ ತೀರ್ತು."

"ಅವ್ವೋ, ಮೊನ್ನೆ ಒಂದ್ ಸೌಟು ಸಾರ್ ತಂದುದ್ಕೆ ಡಬ್ಬದ್ ತುಂಬ ಬಾಳಕ. ನಂದಲ್ವಾ ಈಗ ಬಾಕಿ?"

ಅಕ್ಕ ಬಗ್ಗಿ ಬ್ಯಾಟರಿಯ ಹಿಡಿಗೆ ಕೈ ಹಾಕಿ ಅಲುಗಿಸಿದಳು. ಅದು ಅಲುಗಲಿಲ್ಲ.

"ಇದು ಯಾರ್ದು ಪಾತ್ರೆ?"

"ಅದು ಬ್ಯಾಟ್ರಿ ಕಣೇ."

"ಯಾರ್ದು ಅಂದೆ."

"ನಮ್ದೇ."

"ನಿಮ್ ಪಾತ್ರೆ ಬರೀದಾಗ್ ನನ್ ಕಣ್ಮುಂದೆ ಕೂತದೆ. ನಾನು ಬಾಳಕ ಎತ್ಕೊಂಡು ಬರೀ ಪಾತ್ರೆ ಬಿಟ್ಟೋದ್ರೆ, ನಿನ್ ಮಗಳ್ಗೆ ನೀನು ಏನ್ ಕಲ್ಸಿದ್ದೆ ಅಂತಾರೆ ಜನ?"

ಗಂಟು ಕಟ್ಟುತ್ತಿದ್ದ ಅವ್ವನ ಕೈ ನಿಂತಿತು. ಅವಳ ಕಟ್ಟಳೆಯನ್ನು ಅವಳ ಮುಂದೆಯೇ ಯಾರಾದರೂ ಹೀಗೆ ಹರಡಿದ್ದು ಅದೇ ಮೊದಲಿರಬೇಕು. ಹೊರಗೆ ಬಾವ ಸ್ಕೂಟರಿನ ಹಾರ್ನ್ ಒತ್ತಿದ. ಮಾತು ಎಲ್ಲಿಗೆ ಬಂದು ನಿಲ್ಲುತ್ತದೆಂದು ಅಕ್ಕ ಮನೆಯಲ್ಲೇ ಹೇಳಿ ಕರೆತಂದಿದ್ದಳು ಅಂತ ಆಮೇಲೆ ತಿಳಿಯಿತು.

"ತುಂಬ ತುಂಬ್ಸ್ಕೊಂಡ್ ಬರಬೇಕು," ಎಂದಳು ಅವ್ವ. "ನಾನೇನ್ ಅರ್ಧ ಡಬ್ಬ ಕೊಟ್ಟಿಲ್ಲ."

ನಾನೂ ಬಾವನೂ ಸೇರಿ ಆ ಭಾರವನ್ನು ಮೆಟ್ಟಿಲಿಳಿಸಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರಿಸಿದೆವು. ಬಾವ ಕಾಲನ್ನು ಎರಡೂ ಕಡೆ ಚಾಚಿಕೊಂಡು, ಕೋಳಿ ಮೊಟ್ಟೆ ಹೊತ್ತವನ ಹಾಗೆ ಬದುವಿನ ಮೇಲೆ ಹೋದ. ಇಡೀ ಹಗಲು ಟ್ರೈಲರಿನಲ್ಲಿ ಬ್ಯಾಟರಿಯಿದ್ದ ಜಾಗ ಖಾಲಿ. ನೋಡಲು ಮೀಟರಿಲ್ಲದೆ ನಾನು ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾದೆ. ಉಸಿರೇನಾದರೂ ಎಳೆದರೆ ಇರಲೆಂದು ಟ್ರ್ಯಾಕ್ಟರ್ ಮೆಟ್ಟಿಲ ಬಳಿಯೇ ನಿಂತಿತ್ತು. ಅವ್ವ ಅದರ ಕಡೆ ತಿರುಗಿಯೂ ನೋಡಲಿಲ್ಲ, ಗಂಟನ್ನು ಬಿಚ್ಚಲೂ ಇಲ್ಲ. ಮಗಳು ಮಾತು ಉಳಿಸುತ್ತಾಳೋ ನೋಡೋಣ ಎಂಬಂತೆ ಅದನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಸಂಜೆಗೆ ಬ್ಯಾಟರಿ ಬಂತು. ಅಕ್ಕ ಅದರ ತಲೆಗೆ ಅರಿಸಿನ ಕುಂಕುಮದ ಬೊಟ್ಟು ಇಟ್ಟು ಕಳಿಸಿದ್ದಳು. ಮೀಟರು ಸಿಕ್ಕಿಸಿದೆ. ಹನ್ನೆರಡೂವರೆಯ ಮೇಲೆ! ನಾನು ಎರಡು ಸಲ ಕಿತ್ತು ಎರಡು ಸಲ ಸಿಕ್ಕಿಸಿ ನೋಡಿದೆ. ಅವ್ವ ಮುಖವಾಡ ಕಟ್ಟಿಸಿಕೊಂಡು ಪೂರಾ ಔಷಧಿ ಎಳೆದುಕೊಂಡಳು. ಆಮೇಲೆ ಗಂಟು ಬಿಚ್ಚಿ ಸೀರೆಗಳನ್ನು ಹಗ್ಗಕ್ಕೆ ಹಾಕಿದಳು.

ಮಾರನೆಯ ದಿನ ನಾನು ಎಂದಿನಂತೆ ಮಂಚವನ್ನು ಬಿಸಿಲಿಗೆ ಎಳೆಯಲು ಹೋದರೆ ಪ್ಯಾನಲ್ಲು ಅದರ ಮೇಲಿರಲಿಲ್ಲ. ಟ್ರೈಲರಿನ ಚಕ್ರಕ್ಕೆ ಒರಗಿಸಿಟ್ಟಿತ್ತು. ಮಂಚದ ಮೇಲೆ ಪಂಚೆ, ಪಂಚೆಯ ಮೇಲೆ ಹೊಸ ಮೆಣಸಿನಕಾಯಿ.

"ಅವ್ವ, ಪ್ಯಾನಲ್ ಇಡ್ಬೇಕು, ಮಂಚ ಬುಡು."

"ಬಿಡಲ್ಲ."

"ಬ್ಯಾಟ್ರಿ ತುಂಬೋದ್ ಬ್ಯಾಡ್ವಾ?"

ಅವ್ವ ಹೊಂಗೆ ಕಡ್ಡಿಯಿಂದ ಕಾಗೆಯನ್ನು ಗದರಿಸಿ, ನನ್ನ ಕಡೆ ತಿರುಗಿದಳು.

"ಡಬ್ಬ ತುಂಬ್ದೆ ಬ್ಯಾಟ್ರಿ ಎಂಗ್ಲಾ ತುಂಬ್ತದೆ? ಆ ಕಡೆ ಸರ್ಕೋ, ನೆರಳ್ ಬೀಳ್ತಾದೆ."